ಶುಗರ್ ಇದ್ದವರ ಕಿಡ್ನಿ: ಯಾವ ಪರೀಕ್ಷೆ, ಯಾವ ಮದ್ದು, ಯಾವ ಊರಿನ ಆಸ್ಪತ್ರೆ?

ಅಣ್ಣನ ಶುಗರ್ ತನ್ನಷ್ಟಕ್ಕೆ ಇಳಿಯತೊಡಗಿದಾಗ ಮನೆಯಲ್ಲಿ ಎಲ್ಲರಿಗೂ ಖುಷಿಯೇ ಆಗಿತ್ತು. ವರ್ಷಗಟ್ಟಲೆ ಇನ್ನೂರರಿಂದ ಕೆಳಗೆ ಬಾರದಿದ್ದದ್ದು ನೂರಾಹತ್ತು, ನೂರಾಇಪ್ಪತ್ತು ತೋರಿಸುತ್ತಿತ್ತು. ಇನ್ಸುಲಿನ್ ಅರ್ಧಕ್ಕೆ ಬಂತು. "ಕಷಾಯ ಹಿಡಿಯಿತು ನೋಡಿ" ಎಂದರು ಅತ್ತಿಗೆ. "ತೋಟದಲ್ಲಿ ದಿನಾ ನಾಲ್ಕು ಸುತ್ತು ಬರ್ತೇನಲ್ಲ, ಅದರ ಗುಣ" ಎಂದ ಅಣ್ಣ. ಎರಡೂ ಆಗಿರಲಿಲ್ಲ. ಚುಚ್ಚಿಕೊಂಡ ಇನ್ಸುಲಿನ್ನನ್ನು ಕರಗಿಸಿ ಮುಗಿಸುವ ಕೆಲಸದಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಸೋತಾಗ ಆ ಇನ್ಸುಲಿನ್ ಮೈಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ, ಶುಗರ್ ಇಳಿಯುತ್ತದೆ. ಆರು ತಿಂಗಳಲ್ಲಿ ಕಾಲು ಬೀಗಿತು, ಊಟ ರುಚಿಸದಾಯಿತು. ಆಗ ನೋಡಿದರೆ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ 5.8ಕ್ಕೆ ಏರಿತ್ತು. ಅಲ್ಲಿಯವರೆಗೆ ಅವನು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ವರ್ಷಕ್ಕೆ ನಾಲ್ಕು ಸಲ ರಕ್ತದ ಶುಗರ್ ನೋಡಿದ್ದರು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಇದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ.

ನಾನು ಡಾಕ್ಟರಲ್ಲ. ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು, ಹನ್ನೆರಡು ವರ್ಷದಿಂದ ನಾನೂ ಟೈಪ್ 2 ಶುಗರಿನವನೇ. ಮೊದಲು ಅಣ್ಣನ ಜೊತೆ ಆಸ್ಪತ್ರೆಯ ಬೆಂಚಿನಲ್ಲಿ ಕೂತೆ, ಆಮೇಲೆ ನನ್ನದೇ ರಿಪೋರ್ಟು ಹಿಡಿದು ಓಡಾಡಿದೆ. ಆ ಹೊತ್ತಿನಲ್ಲಿ ಯಾವುದರ ಎದುರು ಯಾವುದು ಮೇಲು ಎಂದು ತೂಗಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮದ್ದು ಬದಲಿಸುವ ತೀರ್ಮಾನ ನಿಮ್ಮ ಡಾಕ್ಟರರದ್ದು. ಏನು ಕೇಳಬೇಕು ಎಂಬುದನ್ನಷ್ಟೇ ನಾನು ಹೇಳಬಲ್ಲೆ. ಕೈಯಲ್ಲಿ ಕೇರಳದ ರೇಷನ್ ಕಾರ್ಡು, ಸೀಕು ಬಂದರೆ ಮುಖ ಮಂಗಳೂರಿನ ಕಡೆ ಮಾಡುವ ಕಾಸರಗೋಡಿನ ನಮ್ಮಂಥವರಿಗೆ ಈ ಲೆಕ್ಕ ಬೇರೆಯವರಿಗಿಂತ ಸ್ವಲ್ಪ ತೊಡಕಿನದ್ದು.

ಮೊದಲು ಆ ಜಾಲರಿಯ ಕಥೆ

ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಟಾಂಕಿಗೆ ಬಂದು, ಫಿಲ್ಟರಿನ ಜಾಲರಿ ದಾಟಿ, ಸಣ್ಣ ಪೈಪುಗಳಿಗೆ ಇಳಿಯುತ್ತದೆ. ಒತ್ತಡ ಹದವಾಗಿದ್ದರೆ ಜಾಲರಿ ಬಹಳ ಕಾಲ ಬಾಳುತ್ತದೆ. ಒಳಬರುವ ವಾಲ್ವನ್ನು ಪೂರಾ ತೆರೆದು, ಹೊರಹೋಗುವ ವಾಲ್ವನ್ನು ಅರ್ಧ ಮುಚ್ಚಿ ನೋಡಿ: ಜಾಲರಿ ಹಿಗ್ಗುತ್ತದೆ, ಕಣ್ಣುಗಳು ದೊಡ್ಡದಾಗುತ್ತವೆ, ಕಸ ದಾಟತೊಡಗುತ್ತದೆ.

ಒಂದೊಂದು ಕಿಡ್ನಿಯಲ್ಲಿ ಇಂಥ ಜಾಲರಿ ಸುಮಾರು ಹತ್ತು ಲಕ್ಷ ಇವೆ. ಕೂದಲಿಗಿಂತ ಸಪೂರದ ರಕ್ತನಾಳಗಳು ಸುತ್ತಿಕೊಂಡ ಪುಟ್ಟ ಉಂಡೆಗಳು ಅವು. ದಿನಕ್ಕೆ ಸುಮಾರು 180 ಲೀಟರ್ ದ್ರವ ಅವುಗಳಿಂದ ಸೋಸಿ ಹೋಗುತ್ತದೆ. ಬಹುಪಾಲನ್ನು ಮೈ ವಾಪಸ್ ಹೀರಿಕೊಂಡು ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತದೆ. ಶುಗರ್ ಹೆಚ್ಚಿದ್ದರೆ ಒಳಬರುವ ನಾಳ ಅಗಲವಾಗುತ್ತದೆ, ಹೊರಹೋಗುವ ನಾಳ ಬಿಗಿಯುತ್ತದೆ. ಮೇಲಿನಿಂದ ಬಿಪಿಯೂ ಸೇರಿದರೆ ಜಾಲರಿ ಹರಿಯಲು ಬೇರೇನೂ ಬೇಡ. ದಾಟಬಾರದ ಆಲ್ಬುಮಿನ್ ಮೂತ್ರಕ್ಕೆ ಇಳಿಯುವುದು ಹೀಗೆ.

ಈ ಎರಡು ವಾಲ್ವುಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಮಾತ್ರೆಗಳ ವಿಷಯ ಬರುವಾಗ ಬೇಕಾಗುತ್ತದೆ.

ಕಣ್ಣಿನ ಹಿಂಪರದೆ, ಪಾದದ ನರಗಳಿಗೆ ರಕ್ತ ಕೊಡುವ ನಾಳಗಳೂ ಇದೇ ಜಾತಿಯವು. ಕಣ್ಣಿನ ಡಾಕ್ಟರು ರೆಟಿನಾದಲ್ಲಿ ರಕ್ತದ ಚುಕ್ಕೆ ಕಂಡರೆ ಕಿಡ್ನಿಯನ್ನೂ ನೋಡಿಸಿ ಎನ್ನುವುದು ಅದಕ್ಕೆ. ಮೂತ್ರದ ಆಲ್ಬುಮಿನ್ ಕಿಡ್ನಿಯ ಸುದ್ದಿಯನ್ನು ಮಾತ್ರ ಹೇಳುವುದಿಲ್ಲ. ಹೃದಯದ, ಮಿದುಳಿನ ದೊಡ್ಡ ನಾಳಗಳೂ ಕೆಡುತ್ತಿವೆ ಎಂಬುದರ ಗುರುತು ಅದು. ಶುಗರಿನಿಂದ ಕಿಡ್ನಿ ಕೆಟ್ಟವರಲ್ಲಿ ಎಷ್ಟೋ ಜನ ಡಯಾಲಿಸಿಸ್ ತನಕ ಬರುವುದೇ ಇಲ್ಲ, ಅದಕ್ಕೂ ಮೊದಲೇ ಹೃದಯಾಘಾತದಲ್ಲಿ ಹೋಗುತ್ತಾರೆ.

ಕ್ರಿಯಾಟಿನಿನ್ನೋ, ಮೂತ್ರದ ಆಲ್ಬುಮಿನ್ನೋ?

ಲ್ಯಾಬಿನಲ್ಲಿ "ಕಿಡ್ನಿ ಟೆಸ್ಟ್" ಎಂದರೆ ಮಾಡಿಕೊಡುವುದು ರಕ್ತದ ಯೂರಿಯಾ, ಕ್ರಿಯಾಟಿನಿನ್. ರಿಪೋರ್ಟಿನಲ್ಲಿ 1.2 ಎಂದಿರುತ್ತದೆ, ಪಕ್ಕದಲ್ಲಿ ಅದು ಮಿತಿಯೊಳಗೆ ಎಂದು ಛಾಪಿಸಿರುತ್ತದೆ, ನಾವು ನೆಮ್ಮದಿಯಿಂದ ಹೋಟೆಲಿಗೆ ಹೋಗಿ ಚಾ ಕುಡಿಯುತ್ತೇವೆ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಅದೇ 1.2 ಮೂವತ್ತು ವರ್ಷದ ಗಂಡಸಿನಲ್ಲಿದ್ದರೆ ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಇಜಿಎಫ್‌ಆರ್, ಅಂದರೆ ಕಿಡ್ನಿಯ ಸೋಸುವ ಶಕ್ತಿಯ ಅಂದಾಜು, ಸುಮಾರು 83. ಎಪ್ಪತ್ತು ವರ್ಷದ ಅಜ್ಜಿಯಲ್ಲಿದ್ದರೆ ಸುಮಾರು 49, ಅಂದರೆ ಸೋಸುವ ಶಕ್ತಿ ಅರ್ಧದಷ್ಟೇ ಉಳಿದಿದೆ. ರಿಪೋರ್ಟಿನ ಅಂಕೆ ಒಂದೇ, ಕಿಡ್ನಿ ಮಾತ್ರ ಬೇರೆ ಬೇರೆ. ಹಾಗಾಗಿ ಬರೀ ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್ ಎರಡರ ನಡುವೆ ಆಯ್ಕೆಯೇ ಇಲ್ಲ. ವಯಸ್ಸು, ಹೆಣ್ಣೋ ಗಂಡೋ ಹೇಳಿ ಇಜಿಎಫ್‌ಆರ್ ಬರೆಸಿಕೊಳ್ಳಿ, ಅದಕ್ಕೆ ಬೇರೆ ದುಡ್ಡಿಲ್ಲ.

ಇಜಿಎಫ್‌ಆರ್ ಕೂಡ ತಡವಾಗಿ ಬಾಯಿ ಬಿಡುವ ಸಾಕ್ಷಿ. ಶುಗರಿನ ಮೊದಲ ವರ್ಷಗಳಲ್ಲಿ ಜಾಲರಿಯ ಮೇಲೆ ಒತ್ತಡ ಜಾಸ್ತಿ ಇರುವುದರಿಂದ ಅದು ಚೆನ್ನಾಗಿಯೇ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಆಗ ಹೆಚ್ಚಿನವರಲ್ಲಿ ಬೇಗ ಬಾಯಿ ಬಿಡುವುದು ಮೂತ್ರ. ಕೇಳಬೇಕಾದ ಪರೀಕ್ಷೆಯ ಹೆಸರು ಎಸಿಆರ್, ಅಂದರೆ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರ ನಡುವೆ ಇದ್ದರೆ ಜಾಲರಿ ಸೋರತೊಡಗಿದೆ. 300 ದಾಟಿದರೆ ಚೆನ್ನಾಗಿಯೇ ಸೋರುತ್ತಿದೆ.

ಮೂತ್ರಕ್ಕೆ ಬಣ್ಣದ ಪಟ್ಟಿ ಅದ್ದಿ "ಪ್ರೋಟೀನ್ ಇಲ್ಲ" ಎಂದು ಬರೆಯುವ ಪರೀಕ್ಷೆ ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಆದರೆ ಆರಂಭದ ಸಣ್ಣ ಸೋರಿಕೆ ಅದರ ಕಣ್ಣಿಗೆ ಬೀಳುವುದಿಲ್ಲ. ನೊರೆ ಕಾಣುತ್ತದೆಯೇ ಎಂದು ಬಚ್ಚಲಲ್ಲಿ ನೋಡುತ್ತಾ ನಿಲ್ಲುವುದು ಇನ್ನೂ ತಡವಾದ ಉಪಾಯ. 24 ಗಂಟೆ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ಕೊಡುವ ಹಳೆಯ ಪದ್ಧತಿ ಕೆಟ್ಟದ್ದಲ್ಲ, ಆದರೆ ಒಂದು ಸಲದ್ದು ಬಿಟ್ಟುಹೋದರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಎದ್ದಕೂಡಲೇ ಒಂದು ಸಣ್ಣ ಡಬ್ಬಿಯಲ್ಲಿ ಕೊಡುವ ಎಸಿಆರ್ ಇವೆಲ್ಲಕ್ಕಿಂತ ಮೇಲು. ಕೆಲವು ನೂರು ರೂಪಾಯಿ ಬೀಳುತ್ತದೆ, ವರ್ಷಕ್ಕೊಮ್ಮೆ ಸಾಕು. ಟೈಪ್ 2ರಲ್ಲಿ ಕಾಯಿಲೆ ಗೊತ್ತಾಗುವ ಹೊತ್ತಿಗೇ ಅದು ಮೈಯಲ್ಲಿದ್ದು ವರ್ಷಗಳಾಗಿರಬಹುದು, ಆದ್ದರಿಂದ ಮೊದಲ ದಿನವೇ ಮಾಡಿಸಬೇಕು.

ಜ್ವರ ಇರುವಾಗ, ಮೂತ್ರದಲ್ಲಿ ಸೋಂಕು ಇರುವಾಗ, ಶುಗರ್ ಸಿಕ್ಕಾಪಟ್ಟೆ ಏರಿರುವಾಗ, ಹಿಂದಿನ ದಿನ ಅಡಿಕೆ ಕೊಯ್ಲಿನಲ್ಲಿ ಮೈಮುರಿದು ದುಡಿದಿರುವಾಗ ಕೊಡಬೇಡಿ. ಸುಮ್ಮನೆ ಜಾಸ್ತಿ ತೋರಿಸುತ್ತದೆ. ಒಂದು ಸಲ ಹೆಚ್ಚು ಬಂದಿತೆಂದು ಹಣೆಪಟ್ಟಿ ಅಂಟಿಸಿಕೊಳ್ಳುವುದೂ ಬೇಡ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡು ಸಲ ಹೆಚ್ಚಿದ್ದರೆ ಹೌದೆಂದು ಲೆಕ್ಕ.

ಕಣ್ಣಿನಲ್ಲಿ ಏನೂ ತೊಂದರೆ ಇಲ್ಲ, ಶುಗರ್ ಶುರುವಾಗಿ ಹೆಚ್ಚು ದಿನವೂ ಆಗಿಲ್ಲ, ಆದರೂ ಮೂತ್ರದಲ್ಲಿ ಪ್ರೋಟೀನು ಒಮ್ಮೆಲೇ ರಾಶಿ ಹೋಗುತ್ತಿದೆ ಎಂದಾದರೆ ಎಲ್ಲವನ್ನೂ ಶುಗರಿನ ತಲೆಗೆ ಕಟ್ಟಬಾರದು. ಅದು ಬೇರೆ ಕಿಡ್ನಿ ಕಾಯಿಲೆ ಇರಬಹುದು. ಅಂಥ ಕಡೆ ಕಿಡ್ನಿ ತಜ್ಞರು ಬಯಾಪ್ಸಿ (ಕಿಡ್ನಿಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸೋಣ ಎಂದರೆ ಹೆದರಿ ಎದ್ದು ಬರಬೇಡಿ.

ಮಾತ್ರೆಗಳ ನಡುವೆ

ಬಿಪಿಗೆ ಆಮ್ಲೊಡಿಪಿನ್ನೂ ಸಿಗುತ್ತದೆ, ಟೆಲ್ಮಿಸಾರ್ಟನ್ನೂ ಸಿಗುತ್ತದೆ. ಬಿಪಿ ಇಳಿಸುವುದರಲ್ಲಿ ಎರಡೂ ಒಳ್ಳೆಯವೇ. ಆದರೆ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿರುವವರಿಗೆ ಮೊದಲ ಆಯ್ಕೆ ಟೆಲ್ಮಿಸಾರ್ಟನ್, ಲೊಸಾರ್ಟನ್ ಜಾತಿಯದ್ದು, ಇಲ್ಲವೇ ರಾಮಿಪ್ರಿಲ್, ಎನಾಲಪ್ರಿಲ್ ಜಾತಿಯದ್ದು. ಇವು ಬಿಗಿದುಕೊಂಡ ಹೊರಹೋಗುವ ವಾಲ್ವನ್ನು ಸಡಿಲಿಸುತ್ತವೆ, ಜಾಲರಿಯ ಮೇಲಿನ ಒತ್ತಡ ಇಳಿಯುತ್ತದೆ. 2001ರಲ್ಲಿ ಪ್ರಕಟವಾದ ರೆನಾಲ್ ಎಂಬ ಅಧ್ಯಯನದಲ್ಲಿ, ಶುಗರಿನಿಂದ ಕಿಡ್ನಿ ಕೆಟ್ಟವರಿಗೆ ಲೊಸಾರ್ಟನ್ ಕೊಟ್ಟಾಗ ಕಿಡ್ನಿ ಪೂರ್ತಿ ಸೋಲುವ ಅಪಾಯ ಶೇ. 28ರಷ್ಟು ಕಡಿಮೆಯಾಗಿತ್ತು. ಬಿಪಿ ಇನ್ನೂ ಇಳಿಯಬೇಕೆಂದರೆ ಆಮೇಲೆ ಆಮ್ಲೊಡಿಪಿನ್ ಸೇರಿಸಬಹುದು. 130/80ರ ಒಳಗೆ ಇಡುವುದು ಸಾಮಾನ್ಯವಾಗಿ ಹೇಳುವ ಗುರಿ.

ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದಲ್ಲವೇ ಎಂದು ಟೆಲ್ಮಿಸಾರ್ಟನ್ ಮತ್ತು ರಾಮಿಪ್ರಿಲ್ ಎರಡನ್ನೂ ಕೂಡಿಸಿ ನೋಡಿದ್ದಾರೆ. 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ಲಾಭ ಏನೂ ಹೆಚ್ಚಲಿಲ್ಲ, ಕಿಡ್ನಿಗೆ ತೊಂದರೆ ಹೆಚ್ಚಿತು. ಮಂಗಳೂರಿನ ಡಾಕ್ಟರರು ಒಂದನ್ನು, ಊರಿನ ಡಾಕ್ಟರರು ಇನ್ನೊಂದನ್ನು ಬರೆದು, ನಾವು ಎರಡೂ ನುಂಗುವ ಸಂದರ್ಭ ನಮ್ಮ ಕಡೆ ಬರುತ್ತದೆ. ಚೀಟಿಗಳನ್ನು ಒಟ್ಟಿಗೆ ಇಟ್ಟು ಮದ್ದಿನಂಗಡಿಯವರ ಹತ್ತಿರವಾದರೂ ಒಮ್ಮೆ ತೋರಿಸಿ.

ಇನ್ನು ಒಳಬರುವ ವಾಲ್ವು. ಅದನ್ನು ಹದಕ್ಕೆ ತರುವವು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್. ಶುಗರನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮಾತ್ರೆಗಳೆಂದೇ ಇವು ಬಂದವು, ಕಿಡ್ನಿ ಉಳಿಸುವುದರಲ್ಲಿ ಹೆಸರು ಮಾಡಿದವು. ಕ್ಯಾನಾಗ್ಲಿಫ್ಲೋಜಿನ್ ಬಗ್ಗೆ 2019ರಲ್ಲಿ ಬಂದ ಕ್ರೆಡೆನ್ಸ್ ಅಧ್ಯಯನದಲ್ಲಿ ಕಿಡ್ನಿಯ ದೊಡ್ಡ ಅನಾಹುತಗಳು ಶೇ. 30ರಷ್ಟು, ಡಪಾಗ್ಲಿಫ್ಲೋಜಿನ್ ಬಗ್ಗೆ 2020ರ ಅಧ್ಯಯನದಲ್ಲಿ ಶೇ. 39ರಷ್ಟು ಕಡಿಮೆಯಾದವು. ಈ ಜನರೆಲ್ಲ ಹೆಚ್ಚುಕಡಿಮೆ ಲೊಸಾರ್ಟನ್ ಜಾತಿಯ ಮಾತ್ರೆಯನ್ನು ಮೊದಲೇ ತಿನ್ನುತ್ತಿದ್ದವರು. ಅಂದರೆ ಇದು ಅದರ ಬದಲಿಗಲ್ಲ, ಅದರ ಜೊತೆಗೆ. ಎರಡೂ ವಾಲ್ವು ಸರಿಯಾಗಬೇಕಲ್ಲ!

ಕೆಲವು ವರ್ಷದ ಹಿಂದೆ ಈ ಮಾತ್ರೆ ನಮ್ಮಂಥವರ ಕೈಗೆ ಎಟಕುತ್ತಿರಲಿಲ್ಲ. ಭಾರತದಲ್ಲಿ ಡಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟು 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದ್ದು 2025ರ ಮಾರ್ಚಿನಲ್ಲಿ ಮುಗಿಯಿತು. ಈಗ ಎಷ್ಟೋ ಕಂಪೆನಿಗಳು ಮಾಡುತ್ತವೆ, ಬೆಲೆ ಬಿದ್ದಿದೆ. ಕಂಪೆನಿಯ ಹೆಸರು ಹಿಡಿದು ಕೇಳಬೇಡಿ, ಮದ್ದಿನ ಹೆಸರು ಹೇಳಿ ಕೇಳಿ. ಕಡಿಮೆ ಬೆಲೆಯ ಮದ್ದಿನಂಗಡಿಗಳಾದ ಜನೌಷಧಿ, ನೀತಿ ಸ್ಟೋರ್, ಕಾರುಣ್ಯ ಫಾರ್ಮಸಿ ಮೂರರಲ್ಲೂ ವಿಚಾರಿಸಿ ನೋಡಿದರೆ ತಿಂಗಳ ಖರ್ಚಿನ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಇಜಿಎಫ್‌ಆರ್ 20ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಶುರು ಮಾಡಬಹುದು.

ಶುರು ಮಾಡಿದ ಹೊಸತರಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ನನ್ನದು 1.1 ಇದ್ದದ್ದು 1.3 ಆದಾಗ ಮಾತ್ರೆ ಬಿಸಾಡುವುದೊಂದೇ ಬಾಕಿ ಇತ್ತು. ಒತ್ತಡ ಇಳಿದಾಗ ಸೋಸುವುದೂ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ, ಶೇ. 30ರ ಒಳಗಿನ ಏರಿಕೆಗೆ ಮಾತ್ರೆ ನಿಲ್ಲಿಸುವುದಿಲ್ಲ ಎಂದು ಡಾಕ್ಟರರು ಬಿಡಿಸಿ ಹೇಳಿದರು. ಟೆಲ್ಮಿಸಾರ್ಟನ್ ಜಾತಿಗೂ ಇದೇ ಮಾತು. ಶುರು ಮಾಡಿ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್ ಜೊತೆ ಪೊಟ್ಯಾಸಿಯಂ ಕೂಡ ನೋಡಿಸಬೇಕು. ಬಸುರಿಯಾಗುವ ಸಾಧ್ಯತೆ ಇರುವ ಹೆಂಗಸರಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಎರಡೂ ಹೇಳಿದ್ದಲ್ಲ.

ಡಪಾಗ್ಲಿಫ್ಲೋಜಿನ್ ಜಾತಿಗೂ ಅದರದ್ದೇ ಕಿರಿಕಿರಿ ಇದೆ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಗುಪ್ತಾಂಗದಲ್ಲಿ ಬೂಷ್ಟು ಹಿಡಿದು ತುರಿಕೆ ಬರಬಹುದು. ಹೇಳಿಕೊಳ್ಳಲು ನಾಚಿ ಮಾತ್ರೆಯನ್ನೇ ಬಿಟ್ಟವರನ್ನು ನೋಡಿದ್ದೇನೆ. ತೊಳೆದು ಒಣಗಿಸಿಟ್ಟುಕೊಂಡರೆ, ಬೇಕಾದರೆ ಮುಲಾಮು ಹಚ್ಚಿದರೆ ಹೆಚ್ಚಿನವರಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಉಪವಾಸ. ಏಕಾದಶಿಗೆ ನೀರೂ ಮುಟ್ಟದವರು, ರಂಜಾನಿನ ಉಪವಾಸ ಹಿಡಿಯುವವರು, ಆಪರೇಷನ್ನಿಗೆ ಹೊರಟವರು, ವಾಂತಿಭೇದಿ ಹಿಡಿದವರು ಆ ದಿನಗಳಲ್ಲಿ ಈ ಮಾತ್ರೆಯನ್ನು, ಮೆಟ್‌ಫಾರ್ಮಿನ್ನನ್ನು, ಬಿಪಿಯ ಮಾತ್ರೆಯನ್ನು ಏನು ಮಾಡಬೇಕೆಂದು ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಶುಗರ್ ಹೆಚ್ಚಿಲ್ಲದೆಯೂ ರಕ್ತ ಹುಳಿಯಾಗುವ ಕೀಟೋ ಆಸಿಡೋಸಿಸ್ ಅಪರೂಪಕ್ಕೆ ಬರುತ್ತದೆ. ಹೊಟ್ಟೆನೋವು, ವಾಂತಿ, ಏದುಸಿರು ಕಂಡರೆ ಗ್ಲುಕೋಮೀಟರನ್ನು ನಂಬಿ ಮನೆಯಲ್ಲಿ ಕೂರಬಾರದು.

ಹಳೆಯ ಶುಗರ್ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುತ್ತದೆ ಎಂಬ ಮಾತು ನಮ್ಮೂರಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಕೆಡಿಸುವುದಿಲ್ಲ, ಬೇರೆ ಕಾರಣಕ್ಕೆ ಕಿಡ್ನಿ ಕೆಟ್ಟರೆ ಮೈಯಲ್ಲಿ ಉಳಿದುಬಿಡುತ್ತದೆ. ಇಜಿಎಫ್‌ಆರ್ 45ಕ್ಕೆ ಇಳಿದಾಗ ಪ್ರಮಾಣ ತಗ್ಗಿಸುವ ಮಾತು, 30ಕ್ಕಿಂತ ಕೆಳಗೆ ನಿಲ್ಲಿಸುವ ಮಾತು. ನಿಜವಾಗಿ ಹೆದರಬೇಕಾದ್ದು ಗ್ಲಿಬೆನ್‌ಕ್ಲಮೈಡಿಗೆ. ಕಿಡ್ನಿ ಸೋತವರಲ್ಲಿ ಅದು ಗಂಟೆಗಟ್ಟಲೆ ಶುಗರನ್ನು ಕೆಳಗೆ ಎಳೆದಿಡುತ್ತದೆ, ರಾತ್ರಿ ಮಲಗಿದವರು ಏಳದಿರುವ ಸಂಭವ ಇದೆ. ಕಿಡ್ನಿ ದುರ್ಬಲವಾದವರಿಗೆ ಪ್ರಮಾಣ ಬದಲಿಸದೆ ಕೊಡಬಹುದಾದ ಲಿನಾಗ್ಲಿಪ್ಟಿನ್‌ನಂಥವು ಈಗ ಇವೆ.

ಇನ್ನೆರಡು ಹೊಸ ಮದ್ದು. ಫಿನೆರಿನೋನ್ ಎಂಬ ಮಾತ್ರೆ, ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದು. ಮೊದಲನೆಯದಕ್ಕೆ ಪೊಟ್ಯಾಸಿಯಂ ಮೇಲೆ ಕಣ್ಣಿಡಬೇಕು. ಎರಡನೆಯದು 2024ರ ಫ್ಲೋ ಅಧ್ಯಯನದಲ್ಲಿ ಕಿಡ್ನಿಯ ಅನಾಹುತಗಳನ್ನು ಶೇ. 24ರಷ್ಟು ಇಳಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಮೊದಲಿನ ಎರಡು ಜಾತಿ ಸರಿಯಾದ ಪ್ರಮಾಣದಲ್ಲಿ ಸಿಗುವ ಮೊದಲೇ ಇವುಗಳಿಗಾಗಿ ಸಾಲ ಮಾಡುವುದು ಬೇಡ.

ಇಷ್ಟೆಲ್ಲ ಬೇಕೇ, ಶುಗರ್ ಒಂದನ್ನು ಬಿಗಿ ಹಿಡಿದರೆ ಸಾಲದೇ ಎಂದು ಕೇಳುವವರಿಗೆ ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನದ ಕಥೆ ಹೇಳುತ್ತೇನೆ. ಮೂತ್ರದಲ್ಲಿ ಆಲ್ಬುಮಿನ್ ಇದ್ದ 160 ಜನ ಟೈಪ್ 2ನವರು. ಅರ್ಧ ಜನಕ್ಕೆ ಆ ಕಾಲದ ಮಾಮೂಲು ಚಿಕಿತ್ಸೆ, ಇನ್ನರ್ಧಕ್ಕೆ ಶುಗರ್, ಬಿಪಿ, ಕೊಲೆಸ್ಟರಾಲ್, ಊಟ, ನಡಿಗೆ ಎಲ್ಲವನ್ನೂ ಒಟ್ಟಿಗೆ ಹಿಡಿದ ಚಿಕಿತ್ಸೆ. ಇಪ್ಪತ್ತೊಂದು ವರ್ಷದ ನಂತರ ನೋಡಿದಾಗ ಎರಡನೆಯ ಗುಂಪಿನವರ ಆಯುಷ್ಯ ನಡುಲೆಕ್ಕದಲ್ಲಿ 7.9 ವರ್ಷ ಹೆಚ್ಚಿತ್ತು. ಅದಕ್ಕೇ ಕೊಲೆಸ್ಟರಾಲಿನ ಸ್ಟಾಟಿನ್ ಮಾತ್ರೆಯನ್ನು "ನನಗೆ ಹಾರ್ಟು ಸರಿ ಉಂಟು" ಎಂದು ನಾನು ಬಿಟ್ಟಿಲ್ಲ.

ಮನೆಯೊಳಗಿನ ಆಯ್ಕೆಗಳು

ಮೊಣಗಂಟು ನೋವಿಗೆ ಡೈಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ನಡುವೆ ಶುಗರಿನವರು ಪ್ಯಾರಾಸಿಟಮಾಲ್ ಆಯಬೇಕು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಬರುವ ರಕ್ತವನ್ನೇ ತಗ್ಗಿಸುತ್ತವೆ. ಟೆಲ್ಮಿಸಾರ್ಟನ್, ಮೂತ್ರ ಹೋಗಿಸುವ ಮಾತ್ರೆ, ಅದರ ಮೇಲೆ ಡೈಕ್ಲೊಫೆನಾಕ್, ಈ ಮೂರು ಸೇರಿದರೆ ಕೆಲವೇ ದಿನದಲ್ಲಿ ಕಿಡ್ನಿ ಕೈಕೊಡಬಹುದು. ನಮ್ಮಲ್ಲಿ ಮದ್ದಿನಂಗಡಿಗೆ ಹೋಗಿ "ಸೊಂಟನೋವಿಗೆ ಒಂದು ಪವರಿನದ್ದು ಕೊಡಿ" ಎನ್ನುವ ಅಭ್ಯಾಸ ಇದೆ. ಆ ಪವರು ಯಾರ ಮೇಲೆ ನಡೆಯುತ್ತದೆ ಎಂದು ಯಾರೂ ಕೇಳುವುದಿಲ್ಲ.

ಬಿಂಬುಳಿಯ ವಿಷಯವನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ಹಿತ್ತಿಲ ಮರದಲ್ಲಿ ಗೊಂಚಲು ಗೊಂಚಲಾಗಿ ಬಿಡುತ್ತದೆ, ಮಲಯಾಳದವರು ಇರುಂಬನ್ ಪುಳಿ ಎನ್ನುತ್ತಾರೆ. ಕೊಲೆಸ್ಟರಾಲಿಗೂ ಶುಗರಿಗೂ ಒಳ್ಳೆಯದೆಂದು ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿದು ಕಿಡ್ನಿ ಹಠಾತ್ತನೆ ನಿಂತವರ ಪ್ರಕರಣಗಳನ್ನು ಕೇರಳದ ವೈದ್ಯರೇ ದಾಖಲಿಸಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಹರಳಾಗಿ ಕಿಡ್ನಿಯ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಮೀನಿನ ಸಾರಿಗೋ ಚಟ್ನಿಗೋ ಎರಡು ಬಿಂಬುಳಿ ಹಾಕುವುದು ಬೇರೆ, ಹಸಿ ರಸ ಕುಡಿಯುವುದು ಬೇರೆ. ಅದರ ದಾಯಾದಿ ಧಾರೆಹುಳಿಯನ್ನು (ಸ್ಟಾರ್ ಫ್ರೂಟ್) ಕಿಡ್ನಿ ಸೋತವರು ಒಂದು ಹೋಳೂ ತಿನ್ನಬಾರದು. ಬಿಡದ ಬಿಕ್ಕಳಿಕೆ, ಮತಿಭ್ರಮೆ, ಫಿಟ್ಸ್ ಬರಿಸುವ ವಿಷ ಅದರಲ್ಲಿದೆ, ಆರೋಗ್ಯವಾಗಿರುವ ಕಿಡ್ನಿ ಮಾತ್ರ ಅದನ್ನು ಹೊರಹಾಕಬಲ್ಲದು.

ಕುಚ್ಚಿಲಕ್ಕಿಯೋ ಬೆಳ್ತಿಗೆಯೋ ಚಪಾತಿಯೋ ಎಂಬ ಚರ್ಚೆಗೆ ನಮ್ಮ ಮದುವೆಮನೆಗಳಲ್ಲಿ ಕೊನೆಯಿಲ್ಲ. ಕಿಡ್ನಿಯ ಮಟ್ಟಿಗೆ ಗಂಜಿಗಿಂತ ಗಂಜಿಯ ಪಕ್ಕದಲ್ಲಿರುವುದೇ ಮುಖ್ಯ: ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಒಣಮೀನು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 5 ಗ್ರಾಂ ಉಪ್ಪು, ಸುಮಾರು ಒಂದು ಚಾ ಚಮಚ. ಬಿಸಿ ಗಂಜಿಗೆ ಎರಡು ಮಿಡಿ ಕಚ್ಚಿದರೆ ಅದರ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ. ಉಪ್ಪು ಹೆಚ್ಚಾದರೆ ಟೆಲ್ಮಿಸಾರ್ಟನ್‌ನ ಕೆಲಸವೂ ಕುಗ್ಗುತ್ತದೆ. ಹಾಗೆಂದು "ಸೋಡಿಯಂ ಕಡಿಮೆ" ಎಂದು ಬರೆದ ಉಪ್ಪಿನ ಪ್ಯಾಕೆಟು ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ತುಂಬಿರುತ್ತಾರೆ, ಕಿಡ್ನಿ ದುರ್ಬಲವಾದವರಿಗೆ ಅದು ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಮಾಮೂಲು ಉಪ್ಪನ್ನೇ ಕಡಿಮೆ ಹಾಕಿ, ಹುಳಿ, ಶುಂಠಿ, ಕೊತ್ತಂಬರಿಯಲ್ಲಿ ರುಚಿ ತನ್ನಿ. ಎಳನೀರು, ನೇಂದ್ರ ಬಾಳೆ ಬಿಡಬೇಕಾದ್ದು ರಕ್ತದಲ್ಲಿ ಪೊಟ್ಯಾಸಿಯಂ ಏರಿದವರು ಮಾತ್ರ, ಎಲ್ಲರೂ ಅಲ್ಲ.

ಮಂಗಳೂರೋ, ಕಣ್ಣೂರೋ, ಇಲ್ಲೇಯೋ?

ಈ ಪ್ರಶ್ನೆಗೆ ಅಭಿಮಾನ ಹೇಳುವ ಉತ್ತರ ಬೇರೆ, ಲೆಕ್ಕ ಹೇಳುವ ಉತ್ತರ ಬೇರೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಅಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಕಿಡ್ನಿ ತಜ್ಞರು ಸಾಲಾಗಿ ಸಿಗುತ್ತಾರೆ, ಕನ್ನಡದಲ್ಲಿ ತುಳುವಿನಲ್ಲಿ ಸಂಕಟ ಹೇಳಿಕೊಳ್ಳಬಹುದು. ದಕ್ಷಿಣಕ್ಕೆ ಹೋದರೆ ಕಣ್ಣೂರು ಜಿಲ್ಲೆಯ ಪರಿಯಾರದ ಸರ್ಕಾರಿ ವೈದ್ಯಕೀಯ ಕಾಲೇಜು. ಇಲ್ಲೇ ಎಂದರೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ತಾಲೂಕು ಆಸ್ಪತ್ರೆಗಳು, ಉಕ್ಕಿನಡ್ಕದ ಮೆಡಿಕಲ್ ಕಾಲೇಜು.

ನಾನು ಕಂಡುಕೊಂಡ ನಿಯಮ ಇಷ್ಟು: ಒಂದು ಸಲ ಹೋಗುವ ಕೆಲಸಕ್ಕೆ ದೂರ ಹೋಗಬಹುದು, ಮತ್ತೆ ಮತ್ತೆ ಹೋಗುವ ಕೆಲಸ ಹತ್ತಿರವೇ ಇರಬೇಕು. ಕಾಯಿಲೆ ಏನೆಂದು ತೀರ್ಮಾನಿಸುವುದು, ಬಯಾಪ್ಸಿ, ಕಣ್ಣಿಗೆ ಲೇಸರ್, ಡಯಾಲಿಸಿಸ್ಸಿಗಾಗಿ ಕೈಯ ರಕ್ತನಾಳ ಜೋಡಿಸುವ ಫಿಸ್ಟುಲಾದ ಆಪರೇಷನ್, ಕಿಡ್ನಿ ಕಸಿಗೆ ತಯಾರಿ, ಇವಕ್ಕೆಲ್ಲ ಮಂಗಳೂರು ಸರಿ. ಬಿಪಿ ನೋಡಿಸುವುದು, ಮೂರು ತಿಂಗಳಿಗೊಮ್ಮೆ ರಕ್ತ ಕೊಡುವುದು, ಮಾತ್ರೆ ತರುವುದು, ಡಯಾಲಿಸಿಸ್, ಇವು ಊರ ಹತ್ತಿರ. ಮೊದಮೊದಲು ನಾವು ಇದನ್ನು ತಲೆಕೆಳಗು ಮಾಡಿದ್ದೆವು. ಬರೀ ಬಿಪಿ ನೋಡಿಸಲು ಇಡೀ ದಿನದ ಬಸ್ಸು, ಕ್ಯೂ, ಹೋಟೆಲೂಟ.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಬಂದು ತಲಪಾಡಿ ಸೇರಿ ಗಡಿಯ ರಸ್ತೆಗಳು ಮುಚ್ಚಿದ ದಿನಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಂಬುಲೆನ್ಸಿನಲ್ಲೇ ಸಿಕ್ಕಿಬಿದ್ದರು, ಕೆಲವರು ಸತ್ತರು. ವಾರಕ್ಕೆ ಮೂರು ಸಲ ಗಡಿ ದಾಟಿದರೆ ಮಾತ್ರ ಬದುಕು ಎಂಬ ಏರ್ಪಾಟಿನ ಬೆಲೆ ಆಗ ಗೊತ್ತಾಯಿತು.

ದುಡ್ಡಿನ ಮಾತೂ ಇದೆ. ನಮ್ಮದು ಕೇರಳದ ಕಾರ್ಡು. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಆಸ್ಪತ್ರೆ ಖರ್ಚಿನ ಆಸರೆ ಇದೆ. ಕರ್ನಾಟಕ ಸರ್ಕಾರ ತನ್ನ ರೇಷನ್ ಕಾರ್ಡಿನವರಿಗೆ ಕೊಡುವ ಸೌಲಭ್ಯ ನಮಗಿಲ್ಲ. ಮಂಗಳೂರಿನ ಆಸ್ಪತ್ರೆಗೆ ಸೇರುವ ಮೊದಲು "ಈ ಕಾರ್ಡು ಈ ಕಾಯಿಲೆಗೆ ಇಲ್ಲಿ ನಡೆಯುತ್ತದಾ?" ಎಂದು ಕೌಂಟರಿನಲ್ಲೇ ಕೇಳಿ. ಸೇರಿದ ಮೇಲೆ ಕೇಳಿದರೆ ಉತ್ತರ ಬಿಲ್ಲಿನ ರೂಪದಲ್ಲಿ ಬರುತ್ತದೆ.

ಭಾಷೆಯ ತೊಡಕು ಸಣ್ಣದೇನಲ್ಲ. ಅತ್ತಿಗೆಗೆ ಮಲಯಾಳ ಅರ್ಥವಾಗುತ್ತದೆ, ಓದಲು ಬಾರದು. ಆಹಾರದ ಪಟ್ಟಿ ಮಲಯಾಳದಲ್ಲಿ ಛಾಪಿಸಿ ಕೊಟ್ಟಾಗ ಅದು ಫ್ರಿಜ್ಜಿನ ಮೇಲೆ ಅಲಂಕಾರಕ್ಕೆ ಉಳಿಯಿತು. ಕೊನೆಗೆ ಆಶಾ ಕಾರ್ಯಕರ್ತೆಯೇ ಬಂದು ಒಂದೊಂದಾಗಿ ಓದಿ ಹೇಳಿದರು, ನಾನು ಕನ್ನಡದಲ್ಲಿ ಬರೆದು ಅಂಟಿಸಿದೆ. ಕೇಳಿದರೆ ಸಹಾಯ ಸಿಗುತ್ತದೆ. ಕೇಳಲು ಸಂಕೋಚ ಪಡುವವರು ನಾವೇ.

ಕಿಡ್ನಿ ಸೋತ ಮೇಲೆ

ಇಜಿಎಫ್‌ಆರ್ 30ಕ್ಕಿಂತ ಇಳಿದರೆ, ಎಸಿಆರ್ 300 ದಾಟಿಯೇ ಇದ್ದರೆ, ಅಥವಾ ಇಜಿಎಫ್‌ಆರ್ ಬೇಗ ಬೇಗ ಇಳಿಯುತ್ತಿದ್ದರೆ ಕಿಡ್ನಿ ತಜ್ಞರನ್ನು ಕಾಣಬೇಕು. ಆಗಿನಿಂದ ಎಡಗೈಯಲ್ಲಿ, ಎಡಚರಾದರೆ ಬಲಗೈಯಲ್ಲಿ, ರಕ್ತ ತೆಗೆಯಲು, ಡ್ರಿಪ್ಸ್ ಹಾಕಲು ಬಿಡಬೇಡಿ. ಮುಂದೆ ಫಿಸ್ಟುಲಾಕ್ಕೆ ಆ ನಾಳಗಳು ಬೇಕು. ಅಪಧಮನಿಗೆ ಅಭಿಧಮನಿ ಜೋಡಿಸಿದ ಮೇಲೆ ಅದು ದಪ್ಪವಾಗಿ ಸೂಜಿಗೆ ತಯಾರಾಗಲು ಆರೆಂಟು ವಾರ, ಶುಗರಿನವರಲ್ಲಿ ಇನ್ನೂ ಹೆಚ್ಚು ಬೇಕು. ಅಣ್ಣನಿಗೆ ಆ ಸಮಯ ಸಿಗಲಿಲ್ಲ, ಕುತ್ತಿಗೆಗೆ ಕೊಳವೆ ಹಾಕಿಯೇ ಶುರುವಾಯಿತು, ಅದರಿಂದ ಸೋಂಕೂ ಬಂತು. ಹೆಪಟೈಟಿಸ್ ಬಿ ಲಸಿಕೆಯನ್ನೂ ಮೊದಲೇ ಹಾಕಿಸಿಕೊಳ್ಳಬೇಕಿತ್ತು.

ಯಂತ್ರದ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಎಲ್ಲವನ್ನೂ ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಜವಾಬ್ದಾರಿ ಕಡಿಮೆ. ಆದರೆ ನಡುವಿನ ದಿನಗಳಲ್ಲಿ ನೀರನ್ನು ಅಳೆದು ಕುಡಿಯಬೇಕು, ಮುಗಿಸಿ ಬಂದ ದಿನ ಸುಸ್ತು, ಕೆಲವರಿಗೆ ಬಿಪಿ ಕುಸಿತ. ಹೃದಯ ದುರ್ಬಲವಾದವರಿಗೆ ಈ ಏರಿಳಿತ ಕಷ್ಟ.

ಹೊಟ್ಟೆಯ ಡಯಾಲಿಸಿಸ್ ಬಗ್ಗೆ ನಮ್ಮಲ್ಲಿ ಯಾರೂ ಹೇಳುವುದೇ ಇಲ್ಲ. ಹೊಟ್ಟೆಗೆ ಒಂದು ಸಪೂರ ಕೊಳವೆ ಹಾಕುತ್ತಾರೆ, ಅದರ ಮೂಲಕ ಸುಮಾರು ಎರಡು ಲೀಟರಿನ ದ್ರವ ಒಳಗೆ ಬಿಟ್ಟು, ಕೆಲವು ಗಂಟೆ ಬಿಟ್ಟು ಹೊರತೆಗೆದು ಹೊಸತು ಹಾಕುವುದು, ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ, ಮನೆಯಲ್ಲೇ. ಕರೆಂಟು ಬೇಡ, ಬಸ್ಸು ಬೇಡ. ಆಟಿ ತಿಂಗಳಲ್ಲಿ ತೋಡು ತುಂಬಿ ದಾರಿ ಕಡಿದುಹೋಗುವ ಗುಡ್ಡದ ಮನೆಗಳಿಗೆ ಇದು ನಿಜಕ್ಕೂ ಯೋಚಿಸಬೇಕಾದ ದಾರಿ. ಕೇರಳದ ಆರೋಗ್ಯ ಇಲಾಖೆ ಇದನ್ನು ಉಚಿತವಾಗಿ ಕೊಡುವ ಕಾರ್ಯಕ್ರಮವನ್ನೂ ನಡೆಸಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಹೆಸರು ಹೇಳಿ ಕೇಳಿ. ತೊಂದರೆ ಎರಡು. ಕೈ ಶುದ್ಧ ಇಲ್ಲದಿದ್ದರೆ ಹೊಟ್ಟೆಯೊಳಗೆ ಸೋಂಕು; ಹೊರಬಂದ ದ್ರವ ಅಕ್ಕಚ್ಚಿನಂತೆ ಮಸುಕಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಮತ್ತೆ, ಆ ದ್ರವದಲ್ಲಿ ಗ್ಲುಕೋಸ್ ಇರುವುದರಿಂದ ಶುಗರ್ ಏರುತ್ತದೆ. ಕಣ್ಣು ಕಾಣದ, ಕೈ ನಡುಗುವ ಒಂಟಿ ಮುದುಕರಿಗೆ ಹೇಳಿದ್ದಲ್ಲ. ಮನೆಯಲ್ಲಿ ಒಬ್ಬರು ಕಲಿಯುವವರು ಬೇಕು, ಚೀಲದ ಪೆಟ್ಟಿಗೆಗಳನ್ನಿಡಲು ಪಸೆ, ಬೂಷ್ಟು ಇಲ್ಲದ ಒಂದು ಕೋಣೆಯೂ ಬೇಕು.

ಮೈ ಒಪ್ಪುವವರಿಗೆ ಎಲ್ಲಕ್ಕಿಂತ ಒಳ್ಳೆಯದು ಕಸಿ. ಡಯಾಲಿಸಿಸ್ಸಿಗಿಂತ ಹೆಚ್ಚು ಕಾಲ, ಹೆಚ್ಚು ಸುಖವಾಗಿ ಬದುಕುತ್ತಾರೆ. ಡಯಾಲಿಸಿಸ್ ಶುರುವಾಗುವ ಮೊದಲೇ ಆದರೆ ಇನ್ನೂ ಮೇಲು. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ, ತಿದ್ದುಪಡಿಯ ನಂತರ ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳೆಂದು ಕೊಡಬಹುದು. ನಾನು ಕೊಡುತ್ತೇನೆಂದು ಹೊರಟಿದ್ದೆ. ಆಗಲೇ ನನ್ನ ಎಸಿಆರ್ ಮೊದಲ ಸಲ ನೋಡಿದ್ದು: 160. ಕೊಡುವವನೇ ಕಾಯಿಲೆಯವನಾಗಿ ಹೊರಬಂದೆ. ಕಸಿಯಾದ ಮೇಲೆ ತಿನ್ನಬೇಕಾದ ಮಾತ್ರೆಗಳು ಶುಗರನ್ನು ಏರಿಸುತ್ತವೆ, ಅವುಗಳನ್ನು ಜೀವಮಾನವಿಡೀ ಬಿಡುವಂತಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಂಬತ್ತು ದಾಟಿ, ಹಾಸಿಗೆ ಹಿಡಿದು, ಬೇರೆ ನಾಲ್ಕು ಕಾಯಿಲೆ ಇರುವವರಿಗೆ ಯಾವ ಡಯಾಲಿಸಿಸ್ಸೂ ಇಲ್ಲದೆ ಉಬ್ಬಸ, ತುರಿಕೆ, ನೋವುಗಳನ್ನು ಮದ್ದಿನಲ್ಲೇ ತಗ್ಗಿಸಿ ಮನೆಯಲ್ಲಿ ನೋಡಿಕೊಳ್ಳುವುದೂ ಒಂದು ಮರ್ಯಾದೆಯ ಆಯ್ಕೆ. ಪಂಚಾಯತು ಮಟ್ಟದಲ್ಲಿ ಮನೆಗೇ ಬರುವ ಪಾಲಿಯೇಟಿವ್ ನರ್ಸುಗಳು ಕೇರಳದಲ್ಲಿರುವುದು ನಮ್ಮ ಪುಣ್ಯ. ಆದರೆ ಅದನ್ನು ಕಾಯಿಲೆಯವರ ಹತ್ತಿರ ಕೇಳಿ ತೀರ್ಮಾನಿಸಬೇಕು, ಜಗಲಿಯಲ್ಲಿ ಕೂತ ನೆಂಟರ ಹತ್ತಿರವಲ್ಲ.

ಅಣ್ಣ ಈಗ ಮಂಗಳವಾರ, ಗುರುವಾರ, ಶನಿವಾರ ಹತ್ತಿರದ ಆಸ್ಪತ್ರೆಗೆ ಹೋಗುತ್ತಾನೆ, ಬೆಳಗಿನ ಪಾಳಿ. ಹೊಟ್ಟೆಯದ್ದು ಮಾಡೋಣ ಎಂದು ನಾನು ಹೇಳಿದ್ದಕ್ಕೆ ಅವನು ಒಪ್ಪಲಿಲ್ಲ. "ಅಲ್ಲಿ ನಾಲ್ಕು ಜನ ಮಾತಿಗೆ ಸಿಗ್ತಾರೆ, ನೀನು ಸುಮ್ಮನಿರು ಮಾರಾಯ" ಎಂದ. ಲೆಕ್ಕದಲ್ಲಿ ನಾನು ಹಿಡಿಯದೆ ಬಿಟ್ಟಿದ್ದ ಸಂಗತಿ ಅದು. ನನ್ನ ಎಸಿಆರ್ ಎರಡು ಮಾತ್ರೆ, ಕಡಿಮೆ ಉಪ್ಪು, ಒಂದೂವರೆ ವರ್ಷದ ನಂತರ 70ಕ್ಕೆ ಬಂದಿದೆ. ಮುಂದಿನದ್ದಕ್ಕೆ ಡಬ್ಬಿ ತಂದಿಟ್ಟಾಗಿದೆ; ಅಡಿಕೆ ಕೊಯ್ಲು ಮುಗಿದು ಮೈನೋವು ಇಳಿಯಲಿ ಎಂದು ಕಾಯುತ್ತಿದ್ದೇನೆ.